ಝಕಾತ್ ಕ್ವಾಲಿಟಿ

"ಇಷ್ಟು ಒಳ್ಳೆ ಸೀರೆ ಎಂತಕ್ಕೆ ತೋರಿಸುವುದು ನೀನು? ಝಕಾತ್‌ಗೆ ಅಂತ ಆಗಲೇ ಹೇಳಿದೆನಲ್ಲ. ಕಿವಿ ಕೇಳುವುದಿಲ್ಲವಾ?"

ಝೈನಬ್ ಬಿಡಿಸಿದ ಸೀರೆಯನ್ನು ಮತ್ತೆ ಮಡಚಿದಳು. ಅದೇನೂ ಒಳ್ಳೆಯ ಸೀರೆಯಾಗಿರಲಿಲ್ಲ. ಉಟ್ಟವಳ ಮೈ ಹೊರಗೆ ಕಾಣದಷ್ಟು ದಪ್ಪವಿತ್ತು, ಒಗೆದ ಮೇಲೂ ಸೀರೆಯಾಗಿಯೇ ಉಳಿಯುತ್ತಿತ್ತು. ಅಷ್ಟೇ. ಆದರೆ ಬಡವರಿಗೆ ಅಷ್ಟೂ ಅತಿಯಾಯಿತು ಎಂದು ಎದುರಿಗೆ ಕುಳಿತ ಹೆಂಗಸಿಗೆ ಅನ್ನಿಸಿತ್ತು. ಅವಳ ಎರಡೂ ಮುಂಗೈ ತುಂಬ ಬಂಗಾರದ ಬಳೆ. ಸೀರೆ ಸರಿಸಿದಾಗಲೆಲ್ಲ ಅವು ಒಟ್ಟಿಗೆ ಕೆಮ್ಮುತ್ತಿದ್ದವು.

ಝೈನಬ್ ಬಗ್ಗಿ ಕೌಂಟರಿನ ಕೆಳಗಿನ ಮೂಟೆಯಿಂದ ಇನ್ನೊಂದು ಕಟ್ಟು ಎಳೆದಳು. ಸೂರತ್ತಿನಿಂದ ಬರುವ ಮೂಟೆ ಅದು. ಬಿಲ್ಲಿನಲ್ಲಿ ಪಾಲಿಯೆಸ್ಟರ್ ಪ್ರಿಂಟ್ ಎಂದಿರುತ್ತದೆ. ಅಂಗಡಿಯೊಳಗೆ ಎಲ್ಲರೂ ಕರೆಯುವುದು ಝಕಾತ್ ಕ್ವಾಲಿಟಿ ಎಂದು. ವರ್ಷದ ಹನ್ನೊಂದು ತಿಂಗಳು ಆ ಸೀರೆಯನ್ನು ಯಾರೂ ಮೂಸುವುದಿಲ್ಲ. ರಂಝಾನ್ ಚಂದ್ರ ಕಂಡು, ಉಳ್ಳವರು ಬಡವರಿಗೆ ಕೊಡಲೇಬೇಕಾದ ವರ್ಷದ ದಾನದ ಲೆಕ್ಕ ಶುರುವಾದದ್ದೇ ತಡ, ಹಂಪನಕಟ್ಟೆಯ ಆ ಅಂಗಡಿಯ ನೆಲಮಾಳಿಗೆಯಲ್ಲಿ ಅದಕ್ಕೆ ಎಲ್ಲಿಲ್ಲದ ನೂಕುನುಗ್ಗಲು.

"ಹಾಂ, ಇದು. ಇಂಥದ್ದು ಐವತ್ತು ಕೊಡು. ಎಲ್ಲ ಬೇರೆ ಬೇರೆ ಕಲರ್ ಇರ್ಲಿ. ಮೇಲೆ ಎಂಆರ್‌ಪಿ ಎಷ್ಟುಂಟು?"

"ಎಂಟುನೂರ ಐವತ್ತು ಅಂತ ಉಂಟಕ್ಕ."

"ನಮಗೆ ಎಷ್ಟಕ್ಕೆ ಕೊಡುವುದು?"

"ನೂರ ಎಂಬತ್ತು."

ಹೆಂಗಸು ಸ್ವಲ್ಪ ಮುಂದೆ ಬಾಗಿದಳು. ದನಿ ಇಳಿಯಿತು. "ಅಲ್ಲ, ಝಕಾತ್ ಲೆಕ್ಕಕ್ಕೆ ಯಾವುದನ್ನು ಹಿಡಿಯುವುದು? ಎಂಟುನೂರ ಐವತ್ತರದ್ದು ಹಿಡಿದರೆ ಆಗುವುದಿಲ್ಲವಾ? ಸ್ಟಿಕ್ಕರ್ ಹೇಗೂ ಉಂಟಲ್ಲ."

"ಅಲ್ಲಾಹನ ಹತ್ರ ಯಾವ ಬಿಲ್ ನಡೀತದೆ ಅಂತ ನನಗೆ ಗೊತ್ತಿಲ್ಲಕ್ಕ," ಎಂದಳು ಝೈನಬ್. "ನಮ್ಮ ಕ್ಯಾಶಿನಲ್ಲಿ ನೂರ ಎಂಬತ್ತರದ್ದೇ ಬರುವುದು."

ಬಳೆಗಳು ಕೆಮ್ಮುವುದನ್ನು ನಿಲ್ಲಿಸಿದವು. "ಎಂತ ಬಾಯಿ ಇದರದ್ದು! ಮ್ಯಾನೇಜರ್ ಎಲ್ಲಿ?"

ಮ್ಯಾನೇಜರ್ ಕಾಸಿಂ ಎಲ್ಲೂ ದೂರ ಇರಲಿಲ್ಲ. ಮೆಟ್ಟಿಲಿನ ಬಾಯಲ್ಲೇ ನಿಂತಿದ್ದವನು ಇಳಿದು ಬಂದು, ಗಿರಾಕಿಗೆ ನಗು ಕೊಟ್ಟು, ಝೈನಬ್‌ಗೆ ಕೊಡಬೇಕಾದದ್ದನ್ನು ಕೊಟ್ಟ.

"ನಿನ್ನ ನಾಲಗೆಗೆ ಹುಳ ಬಿತ್ತಾ ಹೇಗೆ? ಗಿರಾಕಿ ಹತ್ರ ಮಸ್ಕಿರಿಯಾ? ಬೇವರ್ಸಿ, ಇಲ್ಲಿ ನಿನಗೆ ಸಂಬಳ ಕೊಡುವುದು ಸೀರೆ ಬಿಡಿಸ್ಲಿಕ್ಕೆ, ಬಾಯಿ ಬಿಡಿಸ್ಲಿಕ್ಕೆ ಅಲ್ಲ."

ಝೈನಬ್ ಐವತ್ತು ಸೀರೆ ಎಣಿಸಿ ಕಟ್ಟಿದಳು. ಹೆಂಗಸು ಹೋಗುವಾಗ, ರಂಝಾನ್ ತಿಂಗಳಲ್ಲಿ ಯಾರ ಮೇಲೂ ಸಿಟ್ಟು ಇಟ್ಟುಕೊಳ್ಳಬಾರದಂತೆ ಎಂದು ಅವಳನ್ನು ಕ್ಷಮಿಸಿಯೂ ಹೋದಳು.

ಅಂಗಡಿ ಝುಬೈರ್ ಹಾಜಿಯದು. ಹಾಜಿ ಬಾಯಿ ಹೊಲಸು ಮಾಡಿಕೊಳ್ಳುವ ಮನುಷ್ಯನಲ್ಲ. ಅದಕ್ಕೆಂದೇ ಸಂಬಳ ಕೊಟ್ಟು ಕಾಸಿಮನನ್ನು ಇಟ್ಟುಕೊಂಡಿದ್ದ. ಬಿಳಿ ಜುಬ್ಬಾ, ಅತ್ತರು, ಮಾತು ಶುರುಮಾಡುವ ಮೊದಲು ಒಂದು ಬಿಸ್ಮಿಲ್ಲಾ, ಮುಗಿಸಿದ ಮೇಲೆ ಒಂದು ಅಲ್‌ಹಮ್ದುಲಿಲ್ಲಾ. ಈ ಎರಡರ ನಡುವೆ ಯಾರದಾದರೂ ಹೊಟ್ಟೆಗೆ ಒಂದು ಕತ್ತರಿ ಬಿದ್ದಿರುತ್ತಿತ್ತು. ಎಲ್ಲವೂ ಪವಿತ್ರವಾಗಿ ನಡೆಯುತ್ತಿತ್ತು.

ಮರುದಿನ ಬೆಳಿಗ್ಗೆ ಗಿರಾಕಿಗಳು ಬರುವ ಮೊದಲು ಕೆಲಸದವರನ್ನೆಲ್ಲ ಮದುವೆ ಸೀರೆಗಳ ಮಹಡಿಯಲ್ಲಿ ಸೇರಿಸಿದರು. ಹಾಜಿ ಬಂದು ಬಿಸ್ಮಿಲ್ಲಾ ಹೇಳಿ, "ನೀವೆಲ್ಲ ನನ್ನ ಕುಟುಂಬ," ಎಂದ.

ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದೆ ಒಮ್ಮೆ ಹಾಜಿ ಅವರನ್ನು ಕುಟುಂಬ ಎಂದದ್ದು ಲಾಕ್‌ಡೌನ್ ಸಮಯದಲ್ಲಿ. ಆಗ ಕುಟುಂಬದ ಅರ್ಧ ಸಂಬಳ ಹೋಗಿತ್ತು.

"ಈ ಸಲ ವ್ಯಾಪಾರ ಡಲ್ ಅಂತ ನಿಮಗೇ ಗೊತ್ತುಂಟು. ಕೊಡಿಯಾಲ್‌ಬೈಲ್‌ನ ಹೊಸ ಶೋರೂಮಿಗೆ ದುಡ್ಡು ನೀರಿನ ಹಾಗೆ ಹೋಗ್ತಾ ಉಂಟು. ಆದ್ರೆ ನಾನು ನಿಮ್ಮ ಕೈ ಬಿಡುವವ ಅಲ್ಲ. ಈ ಸಲ ಬೋನಸ್ ಅಂತ ಇಲ್ಲ. ಅದರ ಬದಲಿಗೆ ನನ್ನ ಝಕಾತಿನಿಂದ ಕೊಡ್ತೇನೆ. ಭಾನುವಾರ ಮನೆಯಲ್ಲಿ ಇಫ್ತಾರ್ ಉಂಟು, ಮಸೀದಿಯ ಉಸ್ತಾದರು ಬರ್ತಾರೆ. ನಮ್ಮ ಸಮುದಾಯದವರು ಅಲ್ಲಿಗೇ ಬಂದು ತಗೊಳ್ಳಿ. ಬೋನಸಿಗಿಂತ ಝಕಾತಿನಲ್ಲಿ ಬರ್ಕತ್ ಜಾಸ್ತಿ."

ಹಿಂದಿನ ಸಾಲಿನಿಂದ ಕುಶಲಾ ಕೈ ಎತ್ತಿದಳು. ಬೆಂಗ್ರೆಯ ಮೀನುಗಾರರ ಮನೆಯವಳು. ದಿನಾ ಬೆಳಿಗ್ಗೆ ದೋಣಿಯಲ್ಲಿ ಹೊಳೆ ದಾಟಿ ಕೆಲಸಕ್ಕೆ ಬರುತ್ತಿದ್ದಳು. ನೆಲಮಾಳಿಗೆಯಲ್ಲಿ ಅವಳೂ ಝೈನಬಳೂ ಒಂದೇ ಕೌಂಟರು.

"ನಮಗೆ, ಹಾಜಿಯವರೇ?"

ಹಾಜಿಯ ಮುಖದಲ್ಲಿ ನಿಜವಾದ ದುಃಖ ಮೂಡಿತು. "ನಿಮಗೆ ಝಕಾತ್ ಕೊಡ್ಲಿಕ್ಕೆ ಆಗುವುದಿಲ್ಲಮ್ಮ. ಧರ್ಮದಲ್ಲಿ ಇಲ್ಲ. ನಾನು ಉಸ್ತಾದರ ಹತ್ರ ಕೇಳಿಯೇ ಹೇಳುವುದು."

"ನಾನು ಝಕಾತ್ ಕೇಳಿದ್ದಲ್ಲ. ಬೋನಸ್ ಕೇಳಿದ್ದು."

"ಅದನ್ನೇ ಹೇಳಿದ್ದಲ್ಲ ನಾನು? ಬೋನಸ್ ಝಕಾತಿನಲ್ಲಿ ಸೇರಿ ಹೋಗಿದೆ. ಪೆರ್ನಾಲ್ ಹಬ್ಬ ಕಳೆಯಲಿ, ನಿಮಗೆ ಎಂತಾದ್ರೂ ಮಾಡುವ. ಅಲ್‌ಹಮ್ದುಲಿಲ್ಲಾ."

ಬಾಗಿಲಿನ ವಾಚ್‌ಮನ್ ಪ್ರೇಮ್ ಮೆಲ್ಲಗೆ, "ಭಾನುವಾರಕ್ಕೆ ನಾನೂ ಒಂದು ಟೋಪಿ ಹಾಕಿ ಬರಲಾ?" ಎಂದ. ಯಾರೂ ನಗಲಿಲ್ಲ. ಬೇರೆ ಸಮಯವಾಗಿದ್ದರೆ ಎಲ್ಲರೂ ನಗುತ್ತಿದ್ದರು. ಈಗ ಅದೇ ಮಾತು ಮಹಡಿಯ ನಡುವೆ ಗೆರೆ ಎಳೆದ ಹಾಗಾಯಿತು. ಇಳಿಯುವಾಗ ಬುರ್ಖಾದವರು ಒಂದು ಗುಂಪಾಗಿ, ಬೊಟ್ಟಿನವರು ಇನ್ನೊಂದು ಗುಂಪಾಗಿ ಮೆಟ್ಟಿಲಿಳಿದರು. ಬೋನಸ್ ಉಳಿಸಲು ಹೊರಟ ಹಾಜಿಗೆ ಇದು ಪುಕ್ಕಟೆ ಸಿಕ್ಕಿದ ಲಾಭ.

ಮಧ್ಯಾಹ್ನ ಊಟಕ್ಕೆ ಹೆಂಗಸರು ಕೂರುವುದು ನೆಲಮಾಳಿಗೆಯ ಮೆಟ್ಟಿಲಿನ ಅಡಿಯಲ್ಲಿ. ಉಪವಾಸದ ತಿಂಗಳಲ್ಲಿ ಝೈನಬ್ ಅಲ್ಲಿ ಸುಮ್ಮನೆ ಕಾಲು ಚಾಚಿಕೊಂಡು ಕೂರುತ್ತಿದ್ದಳು. ಕುಶಲಾ ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದಳು, ಮೀನಿನ ಸಾರಿನ ವಾಸನೆ ಹಸಿದವಳ ಮೂಗಿಗೆ ಬಡಿಯದಿರಲಿ ಎಂದು. ಯಾರೂ ಹೇಳಿಕೊಟ್ಟ ಪದ್ಧತಿಯಲ್ಲ. ಹತ್ತು ಹನ್ನೊಂದು ವರ್ಷದಿಂದ ಹಾಗೇ ನಡೆದುಕೊಂಡು ಬಂದಿತ್ತು. ಆ ದಿನ ಕುಶಲಾ ಝೈನಬಳ ಎದುರಿಗೇ ಕುಳಿತು ಬುತ್ತಿಯ ಮುಚ್ಚಳ ತೆಗೆದಳು.

"ನಿನಗೆಂತ ಮಾರಾಯ್ತಿ. ನಿನಗೆ ಬರ್ತದೆ," ಎಂದಳು.

"ನನಗೆ ಬರುವುದು ಎಂತ ಅಂತ ನಿನಗೆ ಗೊತ್ತುಂಟಾ?"

"ಎಂತಾದ್ರೂ ಬರ್ತದಲ್ಲ? ನನಗೆ ಎಂತ ಬರುವುದು? ಬೊಂಡ! ನೀನೂ ನಾನೂ ಒಂದೇ ಕಾಲಿನಲ್ಲಿ ನಿಂತದ್ದು ಇಲ್ಲಿ. ನಿನ್ನ ಕಾಲಿಗೊಂದು ದೇವರು, ನನ್ನ ಕಾಲಿಗೊಂದು ದೇವರಾ? ಬೋಳಿಮಗ, ಚಂದ ಕಲ್ತಿದ್ದಾನೆ."

ಹೇಳುವುದಾದರೆ ಝೈನಬಳಿಗೆ ಬಹಳ ಇತ್ತು. ಅವಳ ಗಂಡ ಗೂಡ್ಸ್ ರಿಕ್ಷಾ ಓಡಿಸುತ್ತಿದ್ದ. ಪಣಂಬೂರಿನ ರಸ್ತೆಯಲ್ಲಿ ಲಾರಿಗೆ ಸಿಕ್ಕಿ ಸತ್ತಾಗ ಮಗಳು ಹಸ್ನಾಳಿಗೆ ಇನ್ನೂ ಮಾತು ತೊದಲುತ್ತಿತ್ತು. ದುಃಖದ ದಿನಗಳು ಕಳೆದ ಮೇಲೆ ಮಸೀದಿಯ ಜಮಾಅತಿನವರು ಕುದ್ರೋಳಿಯ ಅವಳ ಬಾಡಿಗೆ ಕೋಣೆಗೆ ಬಂದು, ಝಕಾತಿಗೆ ಹೆಸರು ಬರೆಸುತ್ತೀಯಾ ಎಂದು ಮರ್ಯಾದೆಯಿಂದಲೇ ಕೇಳಿದ್ದರು. ನನಗಿಂತ ಇಲ್ಲದವರಿಗೆ ಕೊಡಿ, ನನಗೆ ಎರಡು ಕೈ ಉಂಟು ಎಂದು ಹೇಳಿ ಕಳಿಸಿದ್ದಳು. ತೆಗೆದುಕೊಳ್ಳುವುದು ತಪ್ಪೆಂದು ಅಲ್ಲ. ಇಲ್ಲದವರಿಗೆ ಅದು ಹಕ್ಕು ಎಂದು ಅವಳಿಗೂ ಗೊತ್ತಿತ್ತು. ಆದರೆ ದುಡಿಯುವ ಮೈ ಇರುವಷ್ಟು ದಿನ ಬೇಡ ಎಂದುಕೊಂಡಿದ್ದಳು. ಪ್ರತಿ ಪೆರ್ನಾಲಿನ ಬೆಳಿಗ್ಗೆ ತನ್ನ ತಲೆಗೂ ಮಗಳ ತಲೆಗೂ ಸೇರಿಸಿ ಫಿತ್ರ್ ಝಕಾತಿನ ಅಕ್ಕಿ ಅಳೆದು, ಪಕ್ಕದ ಓಣಿಯ ಕುರುಡಿ ಮುದುಕಿಗೆ ಕೊಟ್ಟು ಬರುತ್ತಿದ್ದಳು. ಅಲ್ಲಿಂದ ತಿರುಗಿ ಬರುವಾಗ ಅವಳ ನಡಿಗೆಯೇ ಬೇರೆ ಇರುತ್ತಿತ್ತು. ಈಗ ಹನ್ನೊಂದು ತಿಂಗಳು ನಿಂತು ದುಡಿದದ್ದಕ್ಕೆ ಬರಬೇಕಾದ್ದನ್ನು ಬೊಗಸೆಯೊಡ್ಡಿ ತೆಗೆದುಕೊ ಎನ್ನುತ್ತಿದ್ದಾರೆ.

ಇದನ್ನೆಲ್ಲ ಕುಶಲಾಳಿಗೆ ಹೇಗೆ ಹೇಳುವುದು? ಮೀನಿನ ಸಾರಿನ ವಾಸನೆ ನೇರ ಮೂಗಿಗೆ ಬಡಿಯುತ್ತಿತ್ತು. ಎದ್ದು ಕಾಸಿಮನ ಕೋಣೆಗೆ ಹೋದಳು.

"ಕಾಸಿಮಾಕ, ನನಗೆ ಝಕಾತ್ ಬೇಡ. ನನ್ನ ಬೋನಸ್ ಕೊಡಿ, ಎಲ್ಲರದ್ದೂ ಕೊಡಿ."

"ಎಲ್ಲರ ವಕೀಲ ನೀನು ಯಾವಾಗ ಆದದ್ದು?" ಕಾಸಿಂ ಪೆನ್ನು ಕೆಳಗಿಟ್ಟ. "ಹೇಗೂ ಬಂದಿದ್ದೀಯ, ಕೂತುಕೊ. ಒಂದು ವಿಷಯ ಕೇಳಲಿಕ್ಕುಂಟು. ಹಾಜಿಯವರು ಎಲ್ಲ ಧರ್ಮಪ್ರಕಾರ ಮಾಡುವವರು. ಕೆಲಸದವರಿಗೆ ಝಕಾತ್ ಕೊಡಬಹುದಾ ಅಂತ ಉಸ್ತಾದರಿಗೆ ಫೋನ್ ಮಾಡಿದ್ದಾರೆ. ಅರ್ಹರಾಗಿದ್ರೆ ಕೊಡಬಹುದು ಅಂತ ಹೇಳಿದ್ದಾರೆ. ಈಗ ನೀನು ಫಕೀರಾ, ಮಿಸ್ಕೀನಾ?"

"ಅಂದ್ರೆ?"

"ಫಕೀರ್ ಅಂದ್ರೆ ಕೈಯಲ್ಲಿ ಎಂತದೂ ಇಲ್ಲದವ. ಮಿಸ್ಕೀನ್ ಅಂದ್ರೆ ಇದ್ದದ್ದು ಸಾಲದವ. ಎರಡರಲ್ಲಿ ಒಂದು ಹೇಳಬೇಕು."

"ಇಷ್ಟು ವರ್ಷ ನಿಮ್ಮಲ್ಲಿ ದುಡಿದಿದ್ದೇನೆ. ದುಡಿದು ದುಡಿದು ಯಾವುದು ಆದೆ ಅಂತ ನೀವೇ ಹೇಳಿ."

ಕಾಸಿಮನ ಕಣ್ಣು ಅವಳ ಕಿವಿಯ ಮೇಲೆ ಬಿತ್ತು. ಜೋಳದ ಕಾಳಿನಷ್ಟು ದಪ್ಪದ ಎರಡು ಬಂಗಾರದ ಬೆಂಡೋಲೆ. "ಭಾನುವಾರ ಅದನ್ನು ತೆಗೆದಿಟ್ಟು ಬಾ. ಜನ ನೋಡ್ತಾರೆ. ಬುರ್ಖಾ ಸ್ವಲ್ಪ ಹಳತು ಇದ್ರೆ ಅದನ್ನೇ ಹಾಕು. ವಿಡಿಯೋದವರು ಬರ್ತಾರೆ."

"ನಾನು ಬರುವುದಿಲ್ಲ ಅಂದ್ರೆ?"

"ಬರಬೇಡ. ಸೋಮವಾರವೂ ಬರಬೇಡ. ನಿನ್ನ ಜಾಗದಲ್ಲಿ ನಿಲ್ಲಲಿಕ್ಕೆ ಹುಡುಗಿಯರ ಲೈನ್ ಉಂಟು. ಎಂತ ಅಹಂಕಾರ ಇದು, ದಾನ ಕೊಟ್ಟರೆ ಕಾಲಲ್ಲಿ ಒದೆಯುವುದು! ಹೋಗು, ಹೋಗು ಇಲ್ಲಿಂದ."

ಭಾನುವಾರ ಸಂಜೆ ಹೊರಡುವಾಗ ಹಸ್ನಾ ಬಾಗಿಲಿಗೆ ಅಡ್ಡ ನಿಂತಳು. ಬಲ್ಮಠದ ಕಾಲೇಜೊಂದರಲ್ಲಿ ಅವಳದು ಕೊನೆಯ ವರ್ಷ.

"ಉಮ್ಮ, ಹೋಗಬೇಡ. ಅವರ ಮನೆ ಇರುವುದೇ ನಮ್ಮ ಕಾಲೇಜಿನ ಏರಿನಲ್ಲಿ. ನನ್ನ ಕ್ಲಾಸಿನ ಅರ್ಧ ಮಂದಿ ಆ ವಿಡಿಯೋ ನೋಡ್ತಾರೆ."

"ಹೋಗದಿದ್ರೆ ಕೆಲಸ ಹೋಗ್ತದೆ ಮಗಳೇ."

"ಹೋದ್ರೆ?"

ಝೈನಬ್ ಕನ್ನಡಿಯ ಮುಂದೆ ನಿಂತಳು. ಬೆಂಡೋಲೆಯ ತಿರುಪಿಗೆ ಕೈ ಹಾಕಿದಳು. ಒಂದು ಸುತ್ತು ಬಿಚ್ಚಿದಳು. ಮತ್ತೆ ಅದೇ ಸುತ್ತು ಬಿಗಿ ಮಾಡಿದಳು. ಕಪಾಟಿನಿಂದ ಕಳೆದ ಪೆರ್ನಾಲಿಗೆ ಹೊಲಿಸಿದ ಹೊಸ ಬುರ್ಖಾ ತೆಗೆದು ಹಾಕಿಕೊಂಡಳು.

ಹಾಜಿಯ ಮನೆಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಮುಂದೆ ಸೋಫಾಗಳು, ಅವುಗಳ ಹಿಂದೆ ಕುರ್ಚಿಗಳು, ಅದರ ಹಿಂದೆ ಚಾಪೆ. ಝಕಾತ್ ಕೊಡುವವರು ಯಾರು, ತೆಗೆದುಕೊಳ್ಳುವವರು ಯಾರು ಎಂದು ಯಾರೂ ಕೇಳಬೇಕಾಗಿರಲಿಲ್ಲ. ಝೈನಬ್ ಚಾಪೆಯಲ್ಲಿ ಕುಳಿತಳು. ಅಂಗಡಿಯ ಇತರ ಹುಡುಗಿಯರು ತಲೆ ತಗ್ಗಿಸಿ ಅವಳ ಸುತ್ತ ಕುಳಿತರು. ಹಾಜಿಯ ಹೆಂಡತಿ ನಸೀಮಾ ಹಜ್ಜುಮ್ಮ ಮಸ್ಲಿನ್ ದುಪ್ಪಟ್ಟಾದ ಅಂಚು ಸರಿಮಾಡಿಕೊಳ್ಳುತ್ತ ವೇದಿಕೆಯ ಪಕ್ಕ ಕುಳಿತಿದ್ದಳು. ಹೆಂಗಸರಿಗೆ ಕೊಡುವ ಪುಣ್ಯ ಅವಳದು.

ಮೊದಲು ಪ್ರಶ್ನೋತ್ತರ. ಉಸ್ತಾದರು ವಯಸ್ಸಾದವರು, ಮೆತ್ತಗಿನ ದನಿ. ಸೋಫಾದವರು ಒಬ್ಬೊಬ್ಬರಾಗಿ ಮೈಕು ತೆಗೆದುಕೊಂಡರು.

ಬಜಪೆಯಲ್ಲಿ ಜಾಗ ಮಾಡಿಟ್ಟಿದ್ದ ಒಬ್ಬ, "ಮಾರಲಿಕ್ಕೆ ಅಂತ ತೆಗೆದುಕೊಂಡದ್ದು, ಆದ್ರೆ ಇನ್ನೂ ಮಾರಲಿಲ್ಲ, ಅದಕ್ಕೂ ಝಕಾತ್ ಉಂಟಾ?" ಎಂದು ಕೇಳಿದ. ಮಾರುವ ಉದ್ದೇಶ ಇದ್ದರೆ ಪ್ರತಿವರ್ಷ ಇಂದಿನ ಬೆಲೆಗೆ ಉಂಟು ಎಂದರು ಉಸ್ತಾದರು. "ಹಾಗಾದ್ರೆ ಇವತ್ತಿನಿಂದ ಮಾರುವ ಉದ್ದೇಶ ಇಲ್ಲ," ಎಂದ ಅವನು. ಸೋಫಾಗಳು ನಕ್ಕವು.

"ಹೆಂಡತಿಯ ಬಂಗಾರ?"

"ಮೈಮೇಲೆ ಹಾಕುವುದಕ್ಕೆ ಇಲ್ಲ. ಕೂಡಿಡ್ಲಿಕ್ಕೆ ಅಂತ ಮಾಡಿಸಿದ್ರೆ ಉಂಟು."

"ಲಾಕರಿನಲ್ಲಿ ಉಂಟು. ಆದ್ರೆ ವರ್ಷಕ್ಕೊಮ್ಮೆ ತೆಗೆದು ಹಾಕ್ತಾಳೆ."

"ಅದು ನಿಮಗೂ ಅಲ್ಲಾಹನಿಗೂ ಗೊತ್ತು," ಎಂದರು ಉಸ್ತಾದರು.

ಮತ್ತೊಬ್ಬ ಎದ್ದ. "ಒಬ್ಬನಿಗೆ ಸಾಲ ಕೊಟ್ಟಿದ್ದೆ. ಅವ ವಾಪಸ್ ಕೊಡುವ ಹಾಗೆ ಕಾಣುವುದಿಲ್ಲ. ಅದನ್ನು ಝಕಾತ್ ಅಂತ ವಜಾ ಮಾಡಬಹುದಾ?"

"ಅವನು ಕೊಡುವುದಿಲ್ಲ ಅಂತ ಗೊತ್ತಾದ ಮೇಲೆ ನೀವು ದಾನ ಮಾಡ್ಲಿಕ್ಕೆ ಹೊರಟದ್ದಲ್ವಾ?" ಎಂದರು ಉಸ್ತಾದರು. "ಆಗುವುದಿಲ್ಲ."

ಹಾಜಿ ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. ಬೇಕಾದ ಅರ್ಧ ಉತ್ತರ ಅವನಿಗೆ ಫೋನಿನಲ್ಲೇ ಸಿಕ್ಕಿತ್ತು. ಉಳಿದ ಅರ್ಧ ಪ್ರಶ್ನೆಯನ್ನು ಅವನು ಯಾರಲ್ಲೂ ಕೇಳಿರಲಿಲ್ಲ.

ಇಫ್ತಾರಿಗೆ ಸ್ವಲ್ಪ ಹೊತ್ತಿದೆ ಎನ್ನುವಾಗ ಹೆಸರು ಕರೆಯಲು ಶುರುಮಾಡಿದರು. ಕಾಸಿಮನ ಕೈಯಲ್ಲಿ ಮೈಕು. ಹೆಸರಿನ ಜೊತೆಗೆ ಕಷ್ಟವನ್ನೂ ಹೇಳುತ್ತಿದ್ದ. ಗಂಡ ಬಿಟ್ಟವಳು, ಡಯಾಲಿಸಿಸ್‌ನವನು, ಮೂರು ಹೆಣ್ಣುಮಕ್ಕಳ ತಾಯಿ. ಒಬ್ಬೊಬ್ಬರೂ ಎದ್ದು ಬಂದು, ಕಟ್ಟು ತೆಗೆದುಕೊಂಡು, ಕ್ಯಾಮೆರಾ ಎದುರು ಅರೆಗಳಿಗೆ ನಿಂತು ಹೋಗುತ್ತಿದ್ದರು.

"ಝೈನಬ್. ನಮ್ಮದೇ ಅಂಗಡಿಯ ಬಡ ಸಹೋದರಿ, ವಿಧವೆ. ಹಾಜಿಯವರ ಆಶ್ರಯದಲ್ಲಿ ಬದುಕುತ್ತಿರುವವರು."

ಝೈನಬ್ ಎದ್ದಳು. ಕಿವಿ ನೋಡಿ ಕಾಸಿಮನ ಮುಖ ಕಪ್ಪಿಟ್ಟಿತು. ಹಜ್ಜುಮ್ಮ ಪ್ಲಾಸ್ಟಿಕ್ ಚೀಲದಲ್ಲಿದ್ದ ಸೀರೆಯನ್ನೂ ಅದರ ಮೇಲೊಂದು ದುಡ್ಡಿನ ಕವರನ್ನೂ ಚಾಚಿದಳು. ಹಾಜಿ ಪಕ್ಕದಲ್ಲಿ ಬಂದು ನಿಂತ.

"ಈ ಕಡೆ ನೋಡಿ ಅಕ್ಕ," ಎಂದ ವಿಡಿಯೋದವನು. "ಸ್ವಲ್ಪ ನಗಿ."

ಝೈನಬ್ ಚೀಲದೊಳಗೆ ನೋಡಿದಳು. ಬದನೆ ಬಣ್ಣದ ಮೇಲೆ ಹಳದಿ ಹೂವು. ಮೊನ್ನೆ ತಾನೇ ಮೂಟೆಯಿಂದ ಎಳೆದು, ಧೂಳು ಕೊಡವಿ, ಕಟ್ಟಿಕೊಟ್ಟ ಮಾಲು. ಆಮೇಲೆ ಅವಳು ಮಾಡಿದ್ದು ಯೋಚಿಸಿ ಮಾಡಿದ್ದಲ್ಲ. ಕೈಗೆ ಸೀರೆ ಬಂದರೆ ಏನು ಮಾಡಬೇಕೆಂದು ಕೈಗಳಿಗೇ ಗೊತ್ತಿತ್ತು. ಚೀಲ ಹರಿದಳು. ಒಂದು ಅಂಚು ಹಿಡಿದು ಝಾಡಿಸಿದಳು. ಸೀರೆ ಗಾಳಿಯಲ್ಲಿ ಬಿಚ್ಚಿಕೊಂಡು ವೇದಿಕೆಯ ತುಂಬ ಹರಡಿತು.

"ಬನ್ನಿ ಹಜ್ಜುಮ್ಮ, ನೋಡಿ." ಅಂಗಡಿಯ ದನಿ. ಗಿರಾಕಿಗೆ ಮಾತ್ರ ಬರುವ ಜೇನಿನ ದನಿ. "ಹೊಸ ಸ್ಟಾಕ್. ಮುಟ್ಟಿ ನೋಡಿ, ಎಷ್ಟು ತೆಳು! ಕೈ ಇಟ್ಟರೆ ರೇಖೆ ಕಾಣ್ತದೆ, ಭವಿಷ್ಯ ಬೇಕಾದ್ರೂ ಹೇಳಬಹುದು. ಒಂದು ಸಲ ಒಗೆದ್ರೆ ಹೂವು ಹೋಗ್ತದೆ, ಎರಡನೇ ಸಲಕ್ಕೆ ಸೀರೆಯೇ ಹೋಗ್ತದೆ. ಜಾಗ ಉಳಿಯಿತಲ್ಲ ಕಪಾಟಿನಲ್ಲಿ! ನಿಮ್ಮ ಕಲರಿಗೆ ಚಂದ ಕಾಣ್ತದೆ. ಸ್ವಲ್ಪ ಹಾಕಿ ನೋಡುವ?"

ಹಜ್ಜುಮ್ಮ ಹಿಂದೆ ಸರಿಯುವ ಮೊದಲೇ ಸೆರಗು ಅವಳ ಮಸ್ಲಿನ್ ದುಪ್ಪಟ್ಟಾದ ಮೇಲೆ ಬಿದ್ದಿತ್ತು. ಝೈನಬ್ ಎರಡು ಬೆರಳಿನಲ್ಲಿ ನೆರಿಗೆ ಹಿಡಿದು ಭುಜದ ಮೇಲೆ ಕೂರಿಸಿದಳು, ಒಂದು ಹೆಜ್ಜೆ ಹಿಂದೆ ಬಂದು ತಲೆ ಓರೆ ಮಾಡಿ ನೋಡಿದಳು.

"ತೆಗಿ ಅದನ್ನು! ತೆಗಿ!" ಹಜ್ಜುಮ್ಮ ಮೈಮೇಲೆ ಹಲ್ಲಿ ಬಿದ್ದವಳಂತೆ ಕೊಡವಿದಳು. "ಛೀ, ಇಂಥದ್ದನ್ನು ನನಗೆ ಉಡಿಸುವುದಾ?"

ಮಾತು ಮೈಕಿಗೆ ಬಿತ್ತು. ಚಾಪೆಯವರೆಗೂ ಕೇಳಿಸಿತು. ಅಲ್ಲಿ ಯಾರೋ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು.

"ಬೇಡವಾ? ಇರ್ಲಿ, ಬೇಸರ ಇಲ್ಲ. ಎಲ್ಲ ಗಿರಾಕಿಗೂ ಎಲ್ಲ ಮಾಲು ಹಿಡಿಸುವುದಿಲ್ಲ." ಝೈನಬ್ ಹಾಜಿಯ ಕಡೆ ತಿರುಗಿದಳು. ಕವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಹಾಜಿಯವರೇ, ಇದರ ಬಿಲ್ ಹೇಗೆ ಮಾಡುವುದು? ಬೋನಸಾ, ಝಕಾತಾ? ಬೋನಸ್ ಆದ್ರೆ ನಾನು ಇಲ್ಲಿಗೆ ಬರಬೇಕಾಗಿರಲಿಲ್ಲ, ಕುಶಲಾಳಿಗೂ ಇಷ್ಟೇ ಬರಬೇಕು. ಝಕಾತ್ ಆದ್ರೆ ನನ್ನ ಬೋನಸ್ ಎಲ್ಲಿ?"

"ಆಮೇಲೆ ಮಾತಾಡುವ," ಎಂದ ಹಾಜಿ, ತುಟಿ ಅಲುಗಿಸದೆ. "ಕ್ಯಾಮೆರಾ ಬಂದ್ ಮಾಡಿ."

ಉಸ್ತಾದರು ಕುಳಿತಲ್ಲಿಂದಲೇ ಕೇಳಿದರು, "ಎಂತ ಬೋನಸ್? ಕೆಲಸದ್ದಾ? ನನಗೆ ಹಾಗೆ ಹೇಳಲಿಲ್ಲ ನೀವು. ಕೊಡಬೇಕಾದ ಕೂಲಿ ಬೇರೆ ಹಾಜಿ, ಝಕಾತ್ ಬೇರೆ. ಒಂದನ್ನು ಕೊಟ್ಟು ಇನ್ನೊಂದನ್ನು..."

ಅಷ್ಟರಲ್ಲಿ ಮಸೀದಿಯಿಂದ ಬಾಂಗ್ ಕೇಳಿಸಿತು.

ದೇವರು ದೊಡ್ಡವನು. ಸೋಫಾಗಳೆಲ್ಲ ಒಟ್ಟಿಗೆ ಖರ್ಜೂರಕ್ಕೆ ಕೈ ಚಾಚಿದವು. ಹಾಜಿ ಸ್ವತಃ ತನ್ನ ಕೈಯಾರೆ ಉಸ್ತಾದರ ಬಾಯಿಗೆ ಒಂದು ಖರ್ಜೂರ ಇಟ್ಟ, ಹಿಂದೆಯೇ ಒಂದು ಲೋಟ ನೀರು. ಬಾಯಿ ತುಂಬಿದವರು ಏನು ಮಾತಾಡುತ್ತಾರೆ? ಝೈನಬ್ ಕವರನ್ನು ಮೈಕಿನ ಸ್ಟ್ಯಾಂಡಿನ ಪಕ್ಕ ಇಟ್ಟಳು. ಸೀರೆಯನ್ನು, ಅಭ್ಯಾಸಬಲದಿಂದ, ಚೆನ್ನಾಗಿ ಮಡಚಿ ಅದರ ಮೇಲಿಟ್ಟಳು. ಗೇಟಿನ ಹೊರಗಿನ ನಲ್ಲಿಯಲ್ಲಿ ಬೊಗಸೆ ನೀರು ಕುಡಿದು ಉಪವಾಸ ಮುರಿದಳು. ಬಲ್ಮಠದ ಇಳಿಜಾರಿನಲ್ಲಿ ಇಳಿಯುವಾಗ, ಅಲ್ಲಾ ನಾನು ಎಂಥ ಕೆಲಸ ಮಾಡಿಬಿಟ್ಟೆ ಎಂದು ಹೆದರಿ ಅಳು ಬಂತು. ಬಸ್‌ಸ್ಟಾಪಿಗೆ ಬರುವಾಗ ಹಜ್ಜುಮ್ಮ ಕೊಡವಿಕೊಂಡದ್ದು ನೆನಪಾಗಿ ನಗುವೂ ಬಂತು.

ಸೋಮವಾರ ಬೆಳಿಗ್ಗೆ ಎಂದಿನಂತೆ ಕೆಲಸಕ್ಕೆ ಬಂದಳು. ಗಾಜಿನ ಬಾಗಿಲಲ್ಲಿ ಪ್ರೇಮ್ ಅಡ್ಡ ನಿಂತ. ಅವನಿಗೆ ಅವಳ ಮುಖ ನೋಡಲಾಗಲಿಲ್ಲ.

"ಒಳಗೆ ಬಿಡಬೇಡ ಅಂತ ಹೇಳಿದ್ದಾರೆ ಅಕ್ಕ. ನಾನು ಎಂತ ಮಾಡ್ಲಿ?"

ಹಿಂದಿನಿಂದ ಕಾಸಿಂ ಬಂದ. "ಯಾವ ಮೂತಿ ಇಟ್ಟುಕೊಂಡು ಬಂದೆ, ನಾಯಿ! ಅನ್ನ ಕೊಟ್ಟ ಮನೆಯ ಮಾನ ಹರಾಜು ಹಾಕಿದೆಯಲ್ಲ. ಊರಿಡೀ ಆ ವಿಡಿಯೋ ಓಡ್ತಾ ಉಂಟು. ಇನ್ನು ಮಂಗಳೂರಿನಲ್ಲಿ ಯಾವ ಅಂಗಡಿಯಲ್ಲಿ ನಿನಗೆ ಕೆಲಸ ಸಿಗ್ತದೆ ಅಂತ ನಾನೂ ನೋಡ್ತೇನೆ. ಹೋಗು, ಬಂದರಿನಲ್ಲಿ ಮೀನು ಹೆಕ್ಕು!"

"ಮೀನು ಹೆಕ್ಕುವವರು ನನ್ನ ಮನೆಯಲ್ಲೇ ಇದ್ದಾರೆ ಮಾರಾಯ," ಎಂಬ ದನಿ ಒಳಗಿನಿಂದ ಬಂತು. ಕುಶಲಾ. "ಅವರು ನಿಮಗಿಂತ ಚಂದ ಮಾತಾಡ್ತಾರೆ."

ಝೈನಬ್ ವಾಪಸ್ ಹೋಗಲಿಲ್ಲ. ಸಂಬಳವನ್ನೂ ಬೋನಸನ್ನೂ ಕೊಟ್ಟು ಕಳಿಸಿದರೆ ಹೋಗುತ್ತೇನೆ ಎಂದು ಅಂಗಡಿಯ ಮೆಟ್ಟಿಲಿನ ಒಂದು ಬದಿಗೆ ಕುಳಿತಳು. ಪೆರ್ನಾಲಿನ ವ್ಯಾಪಾರದ ದಿನ. ಜನ ಅವಳನ್ನು ದಾಟಿಕೊಂಡು ಒಳಗೆ ಹೋಗುತ್ತಿದ್ದರು. ಬಿಸಿಲು ಏರಿತು. ನಾಲಗೆ ಒಣಗಿತು. ಗಿರಾಕಿಗಳ ಮುಂದೆ ಎಳೆದಾಡುವಂತಿಲ್ಲವೆಂದು ಕಾಸಿಂ ಒಳಗೇ ಹಲ್ಲು ಕಡಿಯುತ್ತಿದ್ದ.

ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದುಕೊಂಡು ಕುಶಲಾ ಹೊರಗೆ ಬಂದಳು. ಅಂಗಡಿಯ ಮೆರೂನ್ ಕೋಟು ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡಿದ್ದಳು. ಝೈನಬಳ ಪಕ್ಕ ದೊಪ್ಪನೆ ಕುಳಿತಳು.

"ನೀನು ಎಂತಕ್ಕೆ ಬಂದೆ? ನಿನ್ನ ಕೆಲಸವೂ ಹೋಗ್ತದೆ."

"ವಿಡಿಯೋದಲ್ಲಿ ನನ್ನ ಹೆಸರು ಹೇಳಿದೆಯಲ್ಲ ಮಾರಾಯ್ತಿ. ಕಾಸಿಂ ಬೆಳಿಗ್ಗೆಯಿಂದ ನನ್ನನ್ನು ಹುರಿದು ತಿಂತಾ ಇದ್ದಾನೆ. ನಮ್ಮ ಬೆಂಗ್ರೆಯಲ್ಲಿ ನಾನು ಫೇಮಸ್ ಆಗಿ ಹೋದೆ." ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. "ಆ ದಿನ ನಿನ್ನ ಎದುರು ಕೂತು ಉಂಡೆ ನಾನು. ಬೇಕಂತಲೇ ಉಂಡದ್ದು."

"ಗೊತ್ತುಂಟು. ಬಂಗುಡೆ ಸಾರು."

"ಅಲ್ಲ, ಬೂತಾಯಿ."

ಅಷ್ಟರಲ್ಲಿ ಬಿಳಿ ಕಾರೊಂದು ಬಂದು ನಿಂತಿತು. ಇಳಿದ ಮನುಷ್ಯ ಒಳ್ಳೆಯ ಮುಖದವನು, ಒಳ್ಳೆಯ ಗಡ್ಡದವನು. ಫೋನಿನಲ್ಲಿ ಮಾತಾಡುತ್ತಲೇ ಮೆಟ್ಟಿಲು ಹತ್ತಿದ. ಬುರ್ಖಾದ ಹೆಂಗಸೊಬ್ಬಳು ರಂಝಾನಿನಲ್ಲಿ ಅಂಗಡಿಯ ಮೆಟ್ಟಿಲಲ್ಲಿ ಕುಳಿತದ್ದು ಕಣ್ಣಿಗೆ ಬಿದ್ದದ್ದೇ ಅವನ ಕೈ ತಾನಾಗಿ ಜೇಬಿಗೆ ಹೋಯಿತು. ನೂರರ ನೋಟೊಂದು ಝೈನಬಳ ಮಡಿಲಿಗೆ ಬಿತ್ತು. ಪಕ್ಕದಲ್ಲಿದ್ದ ಕುಶಲಾಳ ಕಡೆಗೂ ಇನ್ನೊಂದು ನೋಟು ಹೊರಟಿತ್ತು. ಹಣೆಯ ಬೊಟ್ಟು ಕಂಡು ಅರ್ಧದಲ್ಲಿ ನಿಂತಿತು. ಮೆಲ್ಲಗೆ ಜೇಬಿಗೆ ವಾಪಸ್ಸಾಯಿತು.

"ಅಣ್ಣ," ಎಂದು ಝೈನಬ್ ಎದ್ದು ನಿಂತಳು. "ಅವಳಿಗೆ?"

ಅವನು ಫೋನನ್ನು ಕಿವಿಯಿಂದ ತೆಗೆದ. ಸಂಕೋಚದಿಂದಲೇ ಹೇಳಿದ, "ಬೇಸರ ಮಾಡಬೇಡಿ. ಇದು ಝಕಾತಿನ ದುಡ್ಡು."

"ಹಾಗಾ?" ಝೈನಬ್ ನೋಟನ್ನು ಬಿಡಿಸಿ, ಮಡಿಕೆ ಸರಿ ಮಾಡಿ, ಅವನ ಮುಂದೆ ಹಿಡಿದಳು. "ಹಾಗಾದ್ರೆ ಇದು ನಮಗಲ್ಲ ಅಣ್ಣ. ನಾವು ಕೆಲಸದವರು, ಕೂಲಿಗೆ ಕೂತದ್ದು. ಇದರ ಹಕ್ಕಿನವ ಒಳಗೆ ಇದ್ದಾನೆ. ಪಾಪ, ತುಂಬಾ ಕಷ್ಟದಲ್ಲಿದ್ದಾನೆ. ಕೆಲಸದವರಿಗೆ ಬೋನಸ್ ಕೊಡ್ಲಿಕ್ಕೂ ಗತಿ ಇಲ್ಲ. ಕೇಳಲಿಕ್ಕೆ ನಾಚಿಕೆಯವ, ನೀವಾಗಿಯೇ ಕೊಡಬೇಕು. ಝುಬೈರ್ ಹಾಜಿ ಅಂತ ಹೆಸರು. ಕ್ಯಾಶಿನಲ್ಲಿ ಕೇಳಿದ್ರೆ ತೋರಿಸ್ತಾರೆ."

ಅವನಿಗೆ ಅರ್ಥವಾಯಿತೋ ಇಲ್ಲವೋ. ನೋಟು ಹಿಡಿದುಕೊಂಡು ಒಳಗೆ ಹೋದ. ಪ್ರೇಮ್ ಬಾಗಿಲನ್ನು ಎಂದಿಗಿಂತ ಅಗಲವಾಗಿ ತೆರೆದು ಸಲಾಂ ಹೊಡೆದ.

ಇಬ್ಬರೂ ಗಾಜಿಗೆ ಹಣೆ ಒತ್ತಿ ನೋಡಿದರು. ಮನುಷ್ಯ ಕ್ಯಾಶ್ ಕೌಂಟರಿನ ಮುಂದೆ ನಿಂತು, ನೋಟನ್ನು ಎತ್ತಿ ಹಿಡಿದು, ಏನೋ ಕೇಳುತ್ತಿದ್ದ. ಅಲ್ಲೇ ಕುರ್ಚಿಯಲ್ಲಿದ್ದ ಹಾಜಿ ಗಿರಾಕಿಯೆಂದು ನಗುತ್ತ ಎದ್ದು ನಿಂತ. ನಗು ಮುಖದ ಮೇಲೆ ಹಾಗೇ ಉಳಿಯಿತು. ನೋಟು ಅವನ ಎದೆಯ ಹತ್ತಿರ ಹತ್ತಿರ ಬರುತ್ತಿತ್ತು. ಮಹಡಿಯ ಕಂಬಿಗೆ ಒರಗಿ ಮೆರೂನ್ ಕೋಟಿನ ಹುಡುಗಿಯರು, ಬುರ್ಖಾದವರು, ಬೊಟ್ಟಿನವರು, ಸೀರೆ ಮಡಚುವುದನ್ನು ಬಿಟ್ಟು ಕೆಳಗೆ ಬಾಗಿ ನೋಡುತ್ತಿದ್ದರು.